ಊರ ಬಾಗಿಲಿಗೆ ಬಂದ ಮಹಾವಿದ್ಯಾಲಯ: ಸಮುದಾಯ ಕಾಲೇಜಿನ ಇತಿಹಾಸ, ಪಾಠಕ್ರಮ ಮತ್ತು ನಮ್ಮ ಹೊಣೆ



ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ದಿನದಿಂದ ಕೆಲವು ವಾರಗಳವರೆಗೆ ಶ್ರೀಮಠದ ಕಾರ್ಯಾಲಯಕ್ಕೆ ಬರುವ ಸದ್ಭಕ್ತರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಮಗುವನ್ನು ಮುಂದೆ ಎಲ್ಲಿಗೆ ಸೇರಿಸಬೇಕು? ಕೆಲವು ವರ್ಷಗಳ ಹಿಂದೆ ಸಿದ್ಧಕಟ್ಟೆಯ ಕಡೆಯ ತಾಯಿಯೊಬ್ಬರು ಬಂದಿದ್ದರು. ಬೀಡಿ ಕಟ್ಟಿ ಸಂಸಾರ ನಡೆಸುವವರು. ಮಗಳು ಪಿ.ಯು.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳು. ಪಟ್ಟಣದ ಕಾಲೇಜಿನ ಶುಲ್ಕ, ದಿನನಿತ್ಯದ ಬಸ್ಸಿನ ಖರ್ಚು ಎರಡನ್ನೂ ಲೆಕ್ಕ ಹಾಕಿ, ಹುಡುಗಿ ಮನೆಯಲ್ಲೇ ಇರಲಿ ಎಂದು ಅವರು ನಿಶ್ಚಯಿಸಿಬಿಟ್ಟಿದ್ದರು. ನಿಮ್ಮ ಊರಿನಲ್ಲೇ ಸರಕಾರಿ ಪ್ರಥಮ ದರ್ಜೆ ಕಾಲೇಜು ಇದೆಯಲ್ಲ ಎಂದು ನಾವು ಕೇಳಿದೆವು. ಅವರು ಮರುಪ್ರಶ್ನೆ ಹಾಕಿದರು: "ಅಲ್ಲಿ ಓದಿದರೆ ಏನು ಸಿಗುತ್ತದೆ ಸ್ವಾಮೀ?"

ಆ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರ ಚಿಕ್ಕದಾಗಿತ್ತು. ಅದನ್ನು ವಿಸ್ತರಿಸಿ ಬರೆಯಬೇಕೆಂಬ ಆಶಯದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಸಾರ್ವಜನಿಕ ಸಮುದಾಯ ಕಾಲೇಜು ಎಂಬ ಕಲ್ಪನೆ ಎಲ್ಲಿಂದ ಬಂತು, ಅದರಲ್ಲಿ ಏನನ್ನು ಕಲಿಸುತ್ತಾರೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೇರುವ ನಮ್ಮ ಈ ಭಾಗದಲ್ಲಿ ಅದಕ್ಕೆ ಸಮನಾದುದು ಯಾವುದು, ಅದರ ಬಗ್ಗೆ ಶರಣ ಪರಂಪರೆಯ ನಮಗಿರುವ ಹೊಣೆ ಏನು ಎಂಬುದನ್ನು ಕ್ರಮವಾಗಿ ವಿವರಿಸುತ್ತೇವೆ.

ಸಮುದಾಯ ಕಾಲೇಜು ಎಂದರೇನು?

ಈ ಹೆಸರು ಅಮೆರಿಕದಿಂದ ಬಂದದ್ದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಪ್ರೌಢಶಾಲೆಯ ಆಶ್ರಯದಲ್ಲಿ ಆರು ಮಂದಿ ವಿದ್ಯಾರ್ಥಿಗಳೊಡನೆ ಒಂದು ಕಿರಿಯ ಕಾಲೇಜು ಪ್ರಾರಂಭವಾಯಿತು. ವಿಶ್ವವಿದ್ಯಾನಿಲಯದ ಮೊದಲ ಎರಡು ವರ್ಷಗಳ ಪಾಠವನ್ನು ಮಕ್ಕಳು ಊರು ಬಿಡದೆ ಕಲಿಯುವಂತಾಗಬೇಕು ಎಂಬುದು ಅದರ ಉದ್ದೇಶ. ಎರಡನೆಯ ಮಹಾಯುದ್ಧದ ಬಳಿಕ ಸೈನ್ಯದಿಂದ ಮರಳಿದ ಯುವಕರು ದೊಡ್ಡ ಸಂಖ್ಯೆಯಲ್ಲಿ ಓದಿಗೆ ಬಂದರು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗವು ಇಂತಹ ಸಾರ್ವಜನಿಕ ಕಾಲೇಜುಗಳನ್ನು ದೇಶದಾದ್ಯಂತ ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಸಮುದಾಯ ಕಾಲೇಜು ಎಂಬ ಹೆಸರು ವ್ಯಾಪಕ ಬಳಕೆಗೆ ಬಂದುದು ಆ ವರದಿಯಿಂದ.

ಈ ಕಾಲೇಜುಗಳ ಲಕ್ಷಣಗಳನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಅವು ಮನೆಗೆ ಹತ್ತಿರವಿರುತ್ತವೆ. ಶುಲ್ಕ ಕಡಿಮೆ. ಪ್ರವೇಶಕ್ಕೆ ಅಂಕಗಳ ಎತ್ತರದ ಗೋಡೆ ಇರುವುದಿಲ್ಲ. ದುಡಿಯುವವರು, ಮಧ್ಯದಲ್ಲಿ ಓದು ಬಿಟ್ಟವರು, ಮಕ್ಕಳ ತಾಯಂದಿರು ಯಾವ ವಯಸ್ಸಿನಲ್ಲಿಯೂ ಬಂದು ಸೇರಬಹುದು. ಕೊನೆಯದಾಗಿ, ಅಲ್ಲಿ ಕಲಿತದ್ದು ಎರಡು ದಾರಿಗಳನ್ನು ತೆರೆಯುತ್ತದೆ: ನೇರವಾಗಿ ಉದ್ಯೋಗಕ್ಕೆ ಹೋಗುವುದು ಒಂದು, ಮುಂದಿನ ಓದಿಗಾಗಿ ವಿಶ್ವವಿದ್ಯಾನಿಲಯವನ್ನು ಸೇರುವುದು ಇನ್ನೊಂದು. ಶುಶ್ರೂಷೆ, ಲೆಕ್ಕಪತ್ರ, ಯಂತ್ರ ದುರಸ್ತಿ, ಕೃಷಿ ಮುಂತಾದ ವೃತ್ತಿ ವಿಷಯಗಳೂ ಭಾಷೆ, ಗಣಿತ, ಸಮಾಜಶಾಸ್ತ್ರಗಳೂ ಒಂದೇ ಸೂರಿನಡಿ ನಡೆಯುತ್ತವೆ.

ನಮ್ಮ ದೇಶಕ್ಕೆ ಬಂದ ಬಗೆ

ಭಾರತದಲ್ಲಿ ಈ ಹೆಸರಿನ ಪ್ರಯೋಗ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾನಿಲಯದಿಂದ ಮೊದಲಾಯಿತು. ಮರುವರ್ಷ ಮದ್ರಾಸಿನಲ್ಲಿ ಕ್ರೈಸ್ತ ಪಾದ್ರಿಗಳು ಸಮುದಾಯ ಕಾಲೇಜೊಂದನ್ನು ತೆರೆದು, ಶಾಲೆ ಬಿಟ್ಟ ಬಡ ಯುವಜನರಿಗೆ ವೃತ್ತಿಯನ್ನೂ ಬದುಕಿನ ನಡೆನುಡಿಯನ್ನೂ ಕಲಿಸಿದರು. 2009ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಇದಕ್ಕಾಗಿಯೇ ಯೋಜನೆಯೊಂದನ್ನು ರೂಪಿಸಿತು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, 2013ರಲ್ಲಿ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಈಗಿರುವ ಕಾಲೇಜುಗಳ ಒಳಗೇ ಸಮುದಾಯ ಕಾಲೇಜು ನಡೆಸಲು ನೆರವು ನೀಡತೊಡಗಿತು. ಅದರ ಬೆನ್ನಿಗೆ ಬಿ.ವೋಕ್. ಎಂಬ ವೃತ್ತಿಪರ ಪದವಿಯೂ ಬಂತು.

ಆಯೋಗದ ಈ ಪಾಠಕ್ರಮದ ರಚನೆ ಗಮನಾರ್ಹವಾದುದು. ಒಂದು ವರ್ಷದ ಡಿಪ್ಲೊಮಾಕ್ಕೆ 60 ಕ್ರೆಡಿಟ್. ಅದರಲ್ಲಿ 36 ಕ್ರೆಡಿಟ್ ಕೈಕೆಲಸದ ಕೌಶಲಕ್ಕೆ, 24 ಕ್ರೆಡಿಟ್ ಭಾಷೆ ಮೊದಲಾದ ಸಾಮಾನ್ಯ ಶಿಕ್ಷಣಕ್ಕೆ ಮೀಸಲು. ಎರಡು ವರ್ಷ ಓದಿದರೆ ಮೇಲ್ಮಟ್ಟದ ಡಿಪ್ಲೊಮಾ, ಬಿ.ವೋಕ್. ಕಾಲೇಜಿನಲ್ಲಿ ಮೂರು ವರ್ಷ ಓದಿದರೆ ಪದವಿ. ನಡುವೆ ದುಡಿಮೆಗೆ ಹೋಗಬೇಕಾಗಿ ಬಂದವರು ಅಲ್ಲಿಯವರೆಗಿನ ಪ್ರಮಾಣಪತ್ರದೊಡನೆ ಹೊರಗೆ ಹೋಗಬಹುದು. ಅನುಕೂಲವಾದಾಗ ಮರಳಿ ಬರಬಹುದು. ಓದು ನಿಂತಿತೆಂದರೆ ಎಲ್ಲವೂ ವ್ಯರ್ಥವಾಯಿತು ಎಂಬ ಹಳೆಯ ಭಯಕ್ಕೆ ಇಲ್ಲಿ ಆಸ್ಪದವಿಲ್ಲ.

ಮಂಗಳೂರಿನಿಂದ ಸಿದ್ಧಕಟ್ಟೆಯವರೆಗೆ

ಸಮುದಾಯ ಕಾಲೇಜು ಎಂಬ ಹಲಗೆಯನ್ನು ನಮ್ಮ ಭಾಗದಲ್ಲಿ ಹುಡುಕಿದರೆ ಸಿಗಲಾರದು. ಆದರೆ ಆ ಕಾಲೇಜು ಮಾಡುವ ಕೆಲಸವನ್ನು ಇಲ್ಲಿ ಹಲವು ಸಂಸ್ಥೆಗಳು ಹಂಚಿಕೊಂಡು ಮಾಡುತ್ತಿವೆ. ಅದನ್ನು ತಿಳಿಯಲು ಜಿಲ್ಲೆಯ ಉನ್ನತ ಶಿಕ್ಷಣ ನಡೆದು ಬಂದ ದಾರಿಯನ್ನು ಸ್ವಲ್ಪ ನೋಡಬೇಕು.

ಮಂಗಳೂರಿನ ಸರಕಾರಿ ಕಾಲೇಜಿನ ಇತಿಹಾಸ 1868ರಷ್ಟು ಹಳೆಯದು. ಇಂದು ಅದೇ ಮಂಗಳೂರು ವಿಶ್ವವಿದ್ಯಾನಿಲಯ ಕಾಲೇಜು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಪ್ರಾರಂಭವಾಯಿತು. ಮುಂದೆ ಬಹುಕಾಲ ಘಟ್ಟದ ತಪ್ಪಲಿನ ಹಳ್ಳಿಗಳ ಮಕ್ಕಳಿಗೆ ಕಾಲೇಜು ಎಂದರೆ ಮಂಗಳೂರು ಎಂದೇ ಅರ್ಥವಿತ್ತು. ನೆಂಟರ ಮನೆಯಲ್ಲೋ ಹೋಟೆಲಿನ ಕೆಲಸದಲ್ಲೋ ಆಶ್ರಯ ದೊರೆತವರು ಓದಿದರು. ಉಳಿದವರು ತೋಟ, ಗದ್ದೆ, ಅಂಗಡಿಗೆ ಮರಳಿದರು. ಹೆಣ್ಣುಮಕ್ಕಳ ಮಾತನ್ನು ಹೇಳುವುದೇ ಬೇಡ.

1960ರ ದಶಕ ಈ ಸ್ಥಿತಿಯನ್ನು ಬದಲಿಸಿತು. 1965ರಲ್ಲಿ ಮೂಡುಬಿದಿರೆಯಲ್ಲಿ ಶ್ರೀ ಮಹಾವೀರ ಕಾಲೇಜು, 1966ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು, 1968ರಲ್ಲಿ ಬಂಟ್ವಾಳದಲ್ಲಿ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು ಆರಂಭವಾದವು. ಕಾಲೇಜು ಮಂಗಳೂರಿನಿಂದ ತಾಲೂಕು ಕೇಂದ್ರದ ಮಟ್ಟಕ್ಕೆ ಬಂತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ, ಪರೀಕ್ಷೆ ಮತ್ತು ಪದವಿಗಾಗಿ ದೂರದ ವಿಶ್ವವಿದ್ಯಾನಿಲಯವನ್ನು ಅವಲಂಬಿಸುವುದೂ ತಪ್ಪಿತು.

ಕೊನೆಯ ಹೆಜ್ಜೆಯನ್ನು ಸರಕಾರವೇ ಇಟ್ಟಿತು. ರಾಜ್ಯದ ಕಾಲೇಜು ಶಿಕ್ಷಣ ಇಲಾಖೆಯ ಅಧೀನದಲ್ಲಿ ಇಂದು 400ಕ್ಕೂ ಹೆಚ್ಚು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳಲ್ಲಿ ಅನೇಕವು ಹೋಬಳಿ ಮತ್ತು ಗ್ರಾಮಗಳ ಮಟ್ಟದಲ್ಲಿವೆ. ನಮ್ಮ ಭಾಗದಲ್ಲೇ ಸಿದ್ಧಕಟ್ಟೆ, ವಾಮದಪದವು, ಪುಂಜಾಲಕಟ್ಟೆ, ಬೆಳ್ತಂಗಡಿ ಹೀಗೆ ಒಂದೊಂದು ಸುತ್ತಿಗೂ ಒಂದೊಂದು ಕಾಲೇಜು ದೊರೆತಿದೆ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿರುವ ಸಿದ್ಧಕಟ್ಟೆ ದೊಡ್ಡ ಪಟ್ಟಣವೇನೂ ಅಲ್ಲ. ಅಡಕೆ, ತೆಂಗು, ರಬ್ಬರು, ಬೀಡಿ, ಹೈನುಗಾರಿಕೆಯನ್ನು ನಂಬಿದ ಹಳ್ಳಿಗಳ ನಡುವಿನ ಪೇಟೆ. ಅಲ್ಲಿ ಪದವಿ ತರಗತಿಗಳು ನಡೆಯುತ್ತಿವೆ ಎಂಬುದು ನಮ್ಮ ಅಜ್ಜಂದಿರ ಕಾಲಕ್ಕೆ ಊಹೆಗೂ ನಿಲುಕದ ಸಂಗತಿ. ಮಂಗಳೂರಿಗೆ ಮಾತ್ರ ಮೀಸಲಾಗಿದ್ದ ಪದವಿ ಸಿದ್ಧಕಟ್ಟೆಗೆ ಬರಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಇಷ್ಟು ತಡವಾಗಿ ಬಂದುದನ್ನು ಅಸಡ್ಡೆಯಿಂದ ಕಳೆದುಕೊಳ್ಳಬಾರದು.

ಇಲ್ಲಿ ಏನನ್ನು ಕಲಿಯಬಹುದು?

ಗ್ರಾಮೀಣ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಬಿ.ಎ. ಮತ್ತು ಬಿ.ಕಾಂ. ಇರುತ್ತವೆ, ಕೆಲವೆಡೆ ಬಿ.ಬಿ.ಎ., ಬಿ.ಸಿ.ಎ., ಬಿ.ಎಸ್ಸಿ. ಕೂಡ ಇವೆ. ಪದವಿಯ ಅವಧಿಯ ಬಗ್ಗೆ ಪಾಲಕರಲ್ಲಿ ಗೊಂದಲವಿರುವುದನ್ನು ಕಂಡಿದ್ದೇವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ ಬಂದಿತ್ತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದಲ್ಲಿ 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಲಾಗಿದೆ. ಅದೇ ವರ್ಷದಿಂದ ರಾಜ್ಯದ ಕೆಲವು ಸರಕಾರಿ ಕಾಲೇಜುಗಳಲ್ಲಿ, ಓದಿನ ಭಾಗವಾಗಿಯೇ ಉದ್ದಿಮೆಗಳಲ್ಲಿ ಶಿಷ್ಯವೇತನದೊಡನೆ ತರಬೇತಿ ಪಡೆಯುವ ಪದವಿಯೂ ಆರಂಭವಾಗಿದೆ. ಸಮುದಾಯ ಕಾಲೇಜಿನ ಮೂಲ ಆಶಯಕ್ಕೆ ಇದು ಅತ್ಯಂತ ಸಮೀಪವಾದುದು.

ತರಗತಿಯ ಹೊರಗಿನ ಕಲಿಕೆಯಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಮರೆಯುವಂತಿಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಪ್ರಾರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಿ, ಏಳು ದಿನಗಳ ವಿಶೇಷ ಶಿಬಿರದಲ್ಲಿ ಹಳ್ಳಿಯೊಂದರಲ್ಲಿ ವಾಸಿಸಿ ದುಡಿಯುತ್ತಾರೆ. ಕೆರೆಯ ಹೂಳು ತೆಗೆಯುವುದು, ಶಾಲೆಯ ಅಂಗಳ ಸಮಮಾಡುವುದು, ರಸ್ತೆಯ ಬದಿ ಸ್ವಚ್ಛಗೊಳಿಸುವುದು ಇವೆಲ್ಲ ಅಲ್ಲಿ ಪಾಠವೇ.

ಪದವಿಯ ದಾರಿ ಎಲ್ಲರಿಗೂ ಹಿಡಿಸಬೇಕೆಂದಿಲ್ಲ. ಎಸ್.ಎಸ್.ಎಲ್.ಸಿ. ಬಳಿಕ ಕೈಕೆಲಸದಲ್ಲಿ ಆಸಕ್ತಿ ಇರುವವರಿಗೆ ಐ.ಟಿ.ಐ. ಮತ್ತು ಪಾಲಿಟೆಕ್ನಿಕ್‌ಗಳಿವೆ. ಮಂಗಳೂರಿನ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದ ನಡೆಯುತ್ತಿದೆ. ಬಂಟ್ವಾಳದಲ್ಲಿಯೂ ಸರಕಾರಿ ಪಾಲಿಟೆಕ್ನಿಕ್ ಇದೆ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಐ.ಟಿ.ಐ. ಸೇರಿದ ಹುಡುಗನ ಓದು ಅಲ್ಲಿಗೇ ಮುಗಿಯಿತೆಂದು ಭಾವಿಸುವವರು ಈ ಮಾತನ್ನು ನೆನಪಿಡಬೇಕು.

ಇನ್ನು ಓದಿನ ವಯಸ್ಸು ದಾಟಿದವರಿಗೆ ಉಜಿರೆಯ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ಅದು ಸ್ಥಾಪನೆಯಾಯಿತು. ನಿರುದ್ಯೋಗಿ ಗ್ರಾಮೀಣ ಯುವಜನರಿಗೆ ಊಟ ವಸತಿಯೊಡನೆ ಉಚಿತವಾಗಿ ಅಲ್ಪಾವಧಿಯ ತರಬೇತಿ ನೀಡಿ, ಸ್ವಂತ ಉದ್ಯೋಗ ಹೂಡುವವರೆಗೆ ಬೆನ್ನಹಿಂದೆ ನಿಲ್ಲುವುದು ಅದರ ಪದ್ಧತಿ. ಈ ಪದ್ಧತಿ ಫಲ ಕೊಟ್ಟುದರಿಂದಲೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ದೇಶದಾದ್ಯಂತ ತೆರೆಯಿಸಿತು. ನಮ್ಮ ನೆರೆಯ ಊರಿನ ಒಂದು ಪ್ರಯತ್ನ ದೇಶಕ್ಕೆ ಮಾದರಿಯಾದದ್ದು ಅಭಿಮಾನದ ಸಂಗತಿ.

ಪ್ರಥಮ ದರ್ಜೆ ಕಾಲೇಜು, ಪಾಲಿಟೆಕ್ನಿಕ್, ಐ.ಟಿ.ಐ., ರುಡ್‌ಸೆಟ್ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಜೋಲಿಯೆಟ್ ಮಾದರಿಯ ಸಮುದಾಯ ಕಾಲೇಜು ಮಾಡುವ ಕೆಲಸವೆಲ್ಲ ನಮ್ಮ ಸುತ್ತಲೂ ನಡೆಯುತ್ತಿದೆ. ಇಲ್ಲದಿರುವುದು ಒಂದೇ: ಇದು ನಮ್ಮದು ಎಂಬ ಭಾವ, ಮತ್ತು ಒಂದರಿಂದ ಇನ್ನೊಂದಕ್ಕೆ ದಾರಿಯಿದೆ ಎಂದು ಮಕ್ಕಳಿಗೆ ತಿಳಿಸಿ ಹೇಳುವವರು.

ಆ ತಾಯಿಯ ಪ್ರಶ್ನೆಗೆ ಉತ್ತರ

ಅಲ್ಲಿ ಓದಿದರೆ ಏನು ಸಿಗುತ್ತದೆ? ಮೊದಲನೆಯದಾಗಿ, ವಿಶ್ವವಿದ್ಯಾನಿಲಯದ ಪದವಿ ಸಿಗುತ್ತದೆ. ಸಂಯೋಜಿತ ಕಾಲೇಜಿನಲ್ಲಿ ಪಠ್ಯವನ್ನು ನಿಗದಿಪಡಿಸುವುದು, ಪರೀಕ್ಷೆ ನಡೆಸುವುದು, ಪದವಿ ಪ್ರಮಾಣಪತ್ರ ಕೊಡುವುದು ವಿಶ್ವವಿದ್ಯಾನಿಲಯ. ಸ್ವಾಯತ್ತವಲ್ಲದ ಖಾಸಗಿ ಕಾಲೇಜಿನ ವಿದ್ಯಾರ್ಥಿ ಬರೆಯುವ ಪ್ರಶ್ನೆಪತ್ರಿಕೆಯನ್ನೇ ಸಿದ್ಧಕಟ್ಟೆಯ ವಿದ್ಯಾರ್ಥಿಯೂ ಬರೆಯುತ್ತಾಳೆ. ಬಿ.ಎಡ್. ಪ್ರವೇಶಕ್ಕಾಗಲಿ, ಬ್ಯಾಂಕಿನ ಪರೀಕ್ಷೆಗಾಗಲಿ, ಲೋಕಸೇವಾ ಆಯೋಗದ ಪ್ರಥಮ ದರ್ಜೆ ಸಹಾಯಕರ ಹುದ್ದೆಗಾಗಲಿ ಅರ್ಜಿ ಹಾಕುವಾಗ ಕೇಳುವುದು ಪದವಿಯನ್ನು. ಕಾಲೇಜಿನ ಕಟ್ಟಡ ಎಷ್ಟು ಅಂತಸ್ತಿನದು ಎಂದು ಯಾರೂ ಕೇಳುವುದಿಲ್ಲ.

ಎರಡನೆಯದಾಗಿ, ಸರಕಾರಿ ಕಾಲೇಜಿನ ಖಾಯಂ ಬೋಧಕರು ಧನಸಹಾಯ ಆಯೋಗ ನಿಗದಿಪಡಿಸಿದ ಅರ್ಹತೆ ಪಡೆದು, ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಆಯ್ಕೆಯಾಗಿ ಬಂದವರು.

ಮೂರನೆಯದಾಗಿ, ಖರ್ಚನ್ನು ತಗ್ಗಿಸುವ ನೆರವುಗಳಿವೆ. ರಾಜ್ಯ ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬೇಕು. 2021ರಲ್ಲಿ ಪ್ರಾರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಕಾಂ. ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಗಿತ್ತು. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಿದೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ಪ್ರತ್ಯೇಕ ವಿದ್ಯಾರ್ಥಿವೇತನವೇ ಇದೆ. ನಮ್ಮಲ್ಲಿಗೆ ಬಂದಿದ್ದ ಆ ತಾಯಿಗೆ ಇದು ತಿಳಿದಿರಲಿಲ್ಲ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇವೆರಡನ್ನು ಕಾಲೇಜು ಸೇರುವ ಮುನ್ನವೇ ಸಿದ್ಧವಾಗಿಟ್ಟುಕೊಳ್ಳುವುದು ಒಳಿತು.

ಇದಕ್ಕೆಲ್ಲ ಮಿಗಿಲಾದ ಉಳಿತಾಯ ದಾರಿಯದು. 2023ರ ಜೂನ್‌ನಿಂದ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಆದರೆ ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಅದರ ಪ್ರಯೋಜನ ಎಲ್ಲ ಹೆಣ್ಣುಮಕ್ಕಳಿಗೂ ತಲಪುವುದಿಲ್ಲ. ಮನೆಗೆ ಹತ್ತಿರದ ಕಾಲೇಜು ಆ ಕೊರತೆಯನ್ನು ತುಂಬುತ್ತದೆ. ಮಳೆಗಾಲದ ಸಂಜೆ ಕತ್ತಲಾಗುವ ಮುನ್ನ ಮಗಳು ಮನೆ ಸೇರುತ್ತಾಳೆ ಎಂಬ ನೆಮ್ಮದಿಗೆ ಬೆಲೆ ಕಟ್ಟಲಾಗದು. ಎಷ್ಟೋ ಮನೆಗಳಲ್ಲಿ ಹುಡುಗಿಯ ಓದು ಮುಂದುವರಿಯುವುದೂ ನಿಲ್ಲುವುದೂ ಅದೊಂದರ ಮೇಲೆಯೇ.

ಕೊರತೆಗಳನ್ನು ಮುಚ್ಚಿಡಬೇಕಾಗಿಲ್ಲ

ಈ ಕಾಲೇಜುಗಳಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾವು ಹೇಳುವುದಿಲ್ಲ. ರಾಜ್ಯದ ಸರಕಾರಿ ಕಾಲೇಜುಗಳ ಪಾಠದ ಬಹುಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಅವರ ನೇಮಕ ತಡವಾದ ವರ್ಷ ಪಾಠವೂ ತಡವಾಗುತ್ತದೆ. ಸಣ್ಣ ಕಾಲೇಜುಗಳಲ್ಲಿ ವಿಷಯಗಳ ಆಯ್ಕೆ ಕಡಿಮೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಮಗು ಬಿ.ಕಾಂ. ಪಾಠವನ್ನು ಇಂಗ್ಲಿಷಿನಲ್ಲಿ ಅರಗಿಸಿಕೊಳ್ಳಲು ಕಷ್ಟಪಡುತ್ತದೆ. ಉದ್ಯೋಗದ ಸಂದರ್ಶನದಲ್ಲಿ ಬಾಯಿ ಕಟ್ಟುತ್ತದೆ.

ಇನ್ನೂ ದೊಡ್ಡ ಅಪಾಯವೊಂದಿದೆ. ಇಲ್ಲಿ ಏನೂ ಇಲ್ಲ ಎಂದು ಅನುಕೂಲಸ್ಥರು ಮಕ್ಕಳನ್ನು ಬೇರೆಡೆಗೆ ಕಳುಹಿಸುತ್ತಾರೆ. ಮಕ್ಕಳ ಸಂಖ್ಯೆ ಇಳಿದಂತೆ ಹುದ್ದೆ, ಅನುದಾನ, ಹೊಸ ವಿಭಾಗ ಕೇಳುವ ಬಲವೂ ಇಳಿಯುತ್ತದೆ. ಆಗ ನಿಜವಾಗಿಯೂ ಏನೂ ಇಲ್ಲದಂತಾಗುತ್ತದೆ. ಕಾಲೇಜು ಕ್ಷೀಣಿಸಿದರೆ ಅನುಕೂಲಸ್ಥರಿಗೆ ನಷ್ಟವಿಲ್ಲ. ಬೇರೆ ದಾರಿಯಿಲ್ಲದ ಮನೆಯ ಮಗು ಮಾತ್ರ ಪಿ.ಯು.ಸಿ.ಗೇ ನಿಲ್ಲುತ್ತದೆ.

ಶರಣರ ದಾರಿ, ಹಿರಿಯರ ಮೇಲ್ಪಂಕ್ತಿ

ಮಠಮಾನ್ಯಗಳು ತಾವೇ ವಿದ್ಯಾಸಂಸ್ಥೆಗಳನ್ನು ನಡೆಸುತ್ತಿರುವಾಗ ಸರಕಾರಿ ಕಾಲೇಜಿನ ಪರವಾಗಿ ಬರೆಯುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಉತ್ತರ ನಮ್ಮ ಪರಂಪರೆಯಲ್ಲೇ ಇದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವದ ಗೋಷ್ಠಿಗೆ ಕುಳಿತವರನ್ನು ಅವರ ಕಾಯಕದಿಂದಲೇ ಗುರುತಿಸುತ್ತೇವೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಒಕ್ಕಲಿಗ ಮುದ್ದಣ್ಣ, ಆಯ್ದಕ್ಕಿ ಲಕ್ಕಮ್ಮ ಇವರ್ಯಾರೂ ದುಡಿಮೆಯನ್ನು ಬಿಟ್ಟು ಜ್ಞಾನಕ್ಕೆ ಬಂದವರಲ್ಲ. ಹಗ್ಗ ಹೊಸೆಯುವ ಕೈಯೇ ವಚನವನ್ನೂ ರಚಿಸಿತು. ಕೌಶಲವನ್ನೂ ತಿಳಿವಳಿಕೆಯನ್ನೂ ಒಂದೇ ಸೂರಿನಡಿ ಕಲಿಸಬೇಕೆಂದು ಸಮುದಾಯ ಕಾಲೇಜು ಇಂದು ಹೇಳುವುದು ಶರಣರಿಗೆ ಹೊಸ ಮಾತಲ್ಲ.

ಇತ್ತೀಚಿನ ಇತಿಹಾಸವನ್ನೂ ನೋಡೋಣ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗಾಗಿ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಇವೆಲ್ಲ ಸಮಾಜದ ಸ್ವಂತ ಸಂಸ್ಥೆಗಳು. ಆದರೆ ಅದೇ ಕಾಲದಲ್ಲಿ ವಿದ್ಯಾಭಿವೃದ್ಧಿಗಾಗಿ ದುಡಿದ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥ ಗಣ್ಯರೊಡನೆ ಸೇರಿ, ಧಾರವಾಡಕ್ಕೊಂದು ಸರಕಾರಿ ಕಾಲೇಜು ಬೇಕೆಂದು ಶ್ರಮಿಸಿದರು, ಜನರಿಂದ ಹಣ ಕೂಡಿಸಿದರು. 1917ರಲ್ಲಿ ಪ್ರಾರಂಭವಾದ ಕರ್ನಾಟಕ ಕಾಲೇಜು ಆ ಶ್ರಮದ ಫಲ. ಅದು ಯಾವ ಒಂದು ಸಮಾಜದ್ದೂ ಆಗಿರಲಿಲ್ಲ, ಎಲ್ಲರದೂ ಆಗಿತ್ತು. ಎಲ್ಲರ ಕಾಲೇಜನ್ನು ತಮ್ಮದೆಂದು ಭಾವಿಸಿದ ಆ ಹಿರಿತನ ನಮಗೆ ಮೇಲ್ಪಂಕ್ತಿಯಾಗಬೇಕು.

ನಾವು ಮಾಡಬೇಕಾದದ್ದು

ಇದಕ್ಕೆ ಲಕ್ಷಾಂತರ ರೂಪಾಯಿ ಬೇಕಾಗಿಲ್ಲ. ಪ್ರತಿಯೊಂದು ಸರಕಾರಿ ಕಾಲೇಜಿಗೂ ಸ್ಥಳೀಯ ಶಾಸಕರ ಅಧ್ಯಕ್ಷತೆಯಲ್ಲಿ ಅಭಿವೃದ್ಧಿ ಸಮಿತಿ ಇರುತ್ತದೆ. ಊರಿನ ಕೊರತೆಗಳನ್ನು ಅಲ್ಲಿಗೆ ಲಿಖಿತವಾಗಿ ಮುಟ್ಟಿಸುವುದು ಮೊದಲ ಕೆಲಸ. ನಿವೃತ್ತ ಶಿಕ್ಷಕರು, ಬ್ಯಾಂಕ್ ಉದ್ಯೋಗಿಗಳು ವಾರಕ್ಕೊಂದು ಸಂಜೆ ಇಂಗ್ಲಿಷ್ ಮಾತುಗಾರಿಕೆಯನ್ನೋ ಸ್ಪರ್ಧಾತ್ಮಕ ಪರೀಕ್ಷೆಯ ಗಣಿತವನ್ನೋ ಹೇಳಿಕೊಡಬಹುದು. ದಾನಿಗಳ ನೆರವಿನಿಂದ ಮಧ್ಯಾಹ್ನದ ಊಟ ನೀಡುವ ಕ್ರಮ ಜಿಲ್ಲೆಯ ಕೆಲವು ಕಾಲೇಜುಗಳಲ್ಲಿದೆ. ಮುಂಜಾನೆ ಮನೆಗೆಲಸ ಮುಗಿಸಿ, ಏನನ್ನೂ ತಿನ್ನದೆ ಬಸ್ಸು ಹಿಡಿಯುವ ಮಗುವಿಗೆ ಉಣಬಡಿಸುವುದು ದಾಸೋಹವೇ ಸರಿ. ಅಂಗಡಿ, ಕಾರ್ಖಾನೆ, ಲೆಕ್ಕ ಪರಿಶೋಧಕರ ಕಚೇರಿ ನಡೆಸುವವರು ರಜೆಯಲ್ಲಿ ಒಬ್ಬಿಬ್ಬರು ವಿದ್ಯಾರ್ಥಿಗಳಿಗೆ ಕೆಲಸ ಕಲಿಸಬಹುದು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ನೆರವಾಗುವುದು ಚಿಕ್ಕ ಕೆಲಸದಂತೆ ಕಂಡರೂ ಒಂದು ಮಗುವಿನ ಮೂರು ವರ್ಷದ ಓದನ್ನು ಉಳಿಸಬಲ್ಲದು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ. ಪ್ರವೇಶದ ಅರ್ಜಿ ಈಗ ಯು.ಯು.ಸಿ.ಎಂ.ಎಸ್. ತಂತ್ರಾಂಶದ ಮೂಲಕ ನಡೆಯುತ್ತದೆ. ಬೇರೆಡೆ ನಿಶ್ಚಯಿಸುವ ಮುನ್ನ ಒಂದು ದಿನ ನಿಮ್ಮ ಊರಿನ ಸರಕಾರಿ ಕಾಲೇಜಿಗೆ ಮಗುವಿನೊಡನೆ ಹೋಗಿ ಪ್ರಾಂಶುಪಾಲರನ್ನು ಭೇಟಿಯಾಗಿರಿ. ಯಾವ ವಿಷಯಗಳಿವೆ, ಯಾವ ಬೋಧಕರಿದ್ದಾರೆ, ಗ್ರಂಥಾಲಯ ಹೇಗಿದೆ ಎಂದು ಕಣ್ಣಾರೆ ಕಂಡು, ಬಳಿಕ ತೀರ್ಮಾನಿಸಿರಿ.

ಮೊದಲು ಹೇಳಿದ ಆ ತಾಯಿ ಈ ವರ್ಷ ಮತ್ತೆ ಬಂದಿದ್ದರು. ಮಗಳು ಊರಿನ ಕಾಲೇಜಿನಲ್ಲೇ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಈ ಬಾರಿ ಅವರು ಬಂದದ್ದು ಎಸ್.ಎಸ್.ಎಲ್.ಸಿ. ಮುಗಿಸಿದ ಕಿರಿಯ ಮಗನಿಗೆ ಐ.ಟಿ.ಐ. ಒಳ್ಳೆಯದೋ ಪಾಲಿಟೆಕ್ನಿಕ್ ಒಳ್ಳೆಯದೋ ಎಂದು ವಿಚಾರಿಸಲು. ಏನು ಸಿಗುತ್ತದೆ ಎಂದು ಅವರು ಕೇಳಲಿಲ್ಲ. ಯಾವ ತಿಂಗಳು ಅರ್ಜಿ ಹಾಕಬೇಕು ಎಂದು ಕೇಳಿದರು.